ಕಾವಲಿ ಮೇಲಿನ ಹನಿ, ಲೆಕ್ಕಕ್ಕೆ ಸಿಗದ ಶಾಖ

ನಮ್ಮ ಉಡುಪಿ ಕಡೆ ನೀರುದೋಸೆ ಹೊಯ್ಯುವ ಮುಂಚೆ ಕಾವಲಿಗೆ ನಾಲ್ಕು ಹನಿ ನೀರು ಚಿಮುಕಿಸಿ ನೋಡುವುದುಂಟು. ಕಾವು ಹದವಾಗಿದ್ದರೆ ಹನಿ ಚುಂಯ್ ಎಂದು ಆರುತ್ತದೆ. ಕಾವು ಅತಿಯಾದರೆ ಮುತ್ತಿನಂತೆ ಉರುಳಾಡುತ್ತದೆ. ಅಡಿಯಲ್ಲಿ ಹುಟ್ಟಿದ ಆವಿಯ ಪದರ ಅದನ್ನು ಕಬ್ಬಿಣಕ್ಕೆ ತಾಗಲು ಬಿಡುವುದಿಲ್ಲ. ನಾನು ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಮೊಬೈಲಿನಲ್ಲಿ ನೀರಿಗಿಳಿಸಿದ ಕಡ್ಡಿ ಹೊಳೆಯುವ ವಿಡಿಯೊ ತೋರಿಸಿ, "ಸರ್, ನೀರಿನೊಳಗೆ ಬೆಂಕಿ ಹತ್ತಿದೆ. ಕೊಟ್ಟ ಕರೆಂಟಿಗಿಂತ ಜಾಸ್ತಿ ಶಾಖ ಬರ್ತದಂತೆ, ಹೌದಾ?" ಎಂದು ಕೇಳಿದಾಗ ಈ ಕಾವಲಿಯಿಂದಲೇ ಶುರುಮಾಡಿದೆ.

ನೀರಿನ ವಿದ್ಯುದ್ವಿಭಜನೆಗೆ, ಅಂದರೆ ಕರೆಂಟು ಹರಿಸಿ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯಲು, ಎರಡು ವೋಲ್ಟ್ ಆಸುಪಾಸು ಸಾಕು. ನೂರು ವೋಲ್ಟ್ ದಾಟಿಸಿದರೆ ಕರೆಂಟು ಕೊಡಲು ನೀರಿಗಿಳಿಸಿದ ಲೋಹದ ಕಡ್ಡಿಯ ಸುತ್ತ ನೀರು ಕುದಿದು ಆವಿಯ ಹೊದಿಕೆ ಕಟ್ಟುತ್ತದೆ, ಅದನ್ನು ಸೀಳಿಕೊಂಡು ಕಿಡಿ ಹಾರಿ ಕಡ್ಡಿ ಹೊಳೆಯುತ್ತದೆ. ಈ ಬೆಳಕನ್ನು ಫ್ರಾನ್ಸಿನ ಫಿಜೋ ಮತ್ತು ಫೂಕೋ 1844ರಲ್ಲೇ ಕಂಡಿದ್ದರು. 1899ರಲ್ಲಿ ಜರ್ಮನಿಯ ವೇನೆಲ್ಟ್ ಇದನ್ನೇ ಎಕ್ಸ್‌ರೇ ಯಂತ್ರಕ್ಕೆ ಕರೆಂಟು ಕಡಿದು ಕಡಿದು ಕೊಡುವ ಸಾಧನವಾಗಿ ಮಾಡಿದ. ಕರೆಂಟು ಕಡಿಯುವ ಈ ಗುಣವನ್ನು ನೆನಪಿಟ್ಟುಕೊಳ್ಳಿ.

1989ರ ಮಾರ್ಚ್‌ನಲ್ಲಿ ಅಮೆರಿಕದ ಯೂಟಾದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಎಂಬ ರಸಾಯನಶಾಸ್ತ್ರಜ್ಞರು, ಭಾರಜಲ (ಭಾರದ ಜಲಜನಕವಿರುವ ನೀರು) ಮತ್ತು ಪಲ್ಲಾಡಿಯಂ ಲೋಹ ಇಟ್ಟುಕೊಂಡು, ಕೊಟ್ಟ ಕರೆಂಟಿಗಿಂತ ಹೆಚ್ಚು ಶಾಖ ಸಿಕ್ಕಿತೆಂದು ಸಾರಿದರು. ಪಿ.ಕೆ. ಅಯ್ಯಂಗಾರ್ ನಿರ್ದೇಶಕರಾಗಿದ್ದ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೂ ಆ ವರ್ಷ ಹಲವು ತಂಡಗಳು ಪ್ರಯೋಗಕ್ಕೆ ಇಳಿದವು. ಅದು ಕಡಿಮೆ ವೋಲ್ಟಿನ ಕಥೆ. ಕಿಡಿ ಹಾರುವ ಪ್ರಯೋಗದಲ್ಲಿ ಅದೇ ಮಾತನ್ನು ಎತ್ತಿದವರು ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದ ಮಿಜುನೊ ಮತ್ತು ಓಮೊರಿ. ಟಂಗ್‌ಸ್ಟನ್ ಕಡ್ಡಿ, ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಬಳಸಿದ ಅವರ ಪ್ರಬಂಧ 2000ದಲ್ಲಿ ಬಂತು. ಆಮೇಲೆ ಹವ್ಯಾಸಿಗಳೂ ಕೈಹಾಕಿದರು.

ತೊಡಕಿರುವುದು ಅಳತೆಯಲ್ಲಿ. ಕರೆಂಟು ಸೆಕೆಂಡಿಗೆ ನೂರಾರು ಸಲ ಹರಿದು ನಿಲ್ಲುವಾಗ, ಸೆಕೆಂಡಿಗೆ ಎರಡು ಮೂರು ಬಾರಿ ಅಂಕಿ ಬದಲಿಸುವ ಸಾದಾ ಮೀಟರನ್ನು ನಂಬಿ ಒಳಗೆ ಹೋದ ಶಕ್ತಿಯ ಲೆಕ್ಕ ಹಾಕುವಂತಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಹೊರಗೆ ಬರುವ ಶಾಖದ ಲೆಕ್ಕದಲ್ಲಿ. ತೆರೆದ ಪಾತ್ರೆಯ ತೂಕ ಎಷ್ಟು ಇಳಿಯಿತೋ ಅಷ್ಟೂ ನೀರು ಆವಿಯಾಯಿತೆಂದು ಹಿಡಿದು, ಗ್ರಾಂಗೆ ಸುಮಾರು 2,260 ಜೂಲಿನಂತೆ ಗುಣಿಸುತ್ತಾರೆ. ಕಿಡಿಯ ರಭಸಕ್ಕೆ ನೀರು ಹನಿಯಾಗಿಯೂ ಹಾರಿಹೋಗುತ್ತದಲ್ಲ! ಇಳಿದ 100 ಗ್ರಾಂನಲ್ಲಿ 20 ಗ್ರಾಂ ಬರೀ ಹನಿಯಾಗಿದ್ದರೆ, ಆವಿಗೆ ತಗಲಿದ ಶಾಖ ಕಾಲು ಪಾಲು ಹೆಚ್ಚಾಗಿ ಕಾಣುತ್ತದೆ. ಕುಚ್ಚಲಕ್ಕಿ ಗಂಜಿ ಉಕ್ಕಿ ಒಲೆಗೆ ಚೆಲ್ಲಿದ್ದನ್ನೂ ಆವಿಯ ಲೆಕ್ಕಕ್ಕೆ ಸೇರಿಸಿದ ಹಾಗೆ. ಮುಚ್ಚಿದ ಪಾತ್ರೆಯಲ್ಲಿ, ಹೊರಟ ಆವಿಯನ್ನೆಲ್ಲ ತಣಿಸಿ ಅಳೆದು, ಬೇರೆ ಬೇರೆ ಕಡೆ ಅದೇ ಫಲ ಬಂದರೆ ಮಾತ್ರ ನಾನು ಒಪ್ಪುವೆ.

"ಲ್ಯಾಬಲ್ಲಿ ಮಾಡುವ ಸರ್" ಎಂದ ಹುಡುಗ. ಖಂಡಿತ ಬೇಡ ಎಂದೆ. 2005ರ ಜನವರಿಯಲ್ಲಿ ಮಿಜುನೊ ಅವರ ಗಾಜಿನ ಪಾತ್ರೆಯೇ ಸಿಡಿದು ಅವರಿಗೆ ಚೂರುಗಳು ಹೊಕ್ಕಿದ್ದವು. ಜಲಜನಕ, ಆಮ್ಲಜನಕ ಒಟ್ಟಿಗಿರುವಲ್ಲಿ ಕಿಡಿ ಹಾರಿಸುವ ಕೆಲಸ ಮಕ್ಕಳಾಟಿಕೆಯಲ್ಲ.

ಬದಲಿಗೆ ಬೀಕರಿನಲ್ಲಿ ವಾಷಿಂಗ್ ಸೋಡಾ ನೀರನ್ನು ಒಲೆಯ ಮೇಲೆ ಕೊತಕೊತ ಕುದಿಸಿದೆವು, ಕರೆಂಟಿನ ಕಡ್ಡಿಯಿಲ್ಲದೆ. ಒಂದು ಗೇಣು ಮೇಲೆ ಗಾಜಿನ ತಟ್ಟೆ ಹಿಡಿದೆವು. ಸೋಡಾ ಆವಿಯಾಗುವ ವಸ್ತುವಲ್ಲ. ಬರೀ ಆವಿ ತಣಿದದ್ದಾದರೆ ತಟ್ಟೆಯಲ್ಲಿ ಸಪ್ಪೆ ನೀರಷ್ಟೇ ಇರಬೇಕು. ಹುಡುಗ ತಟ್ಟೆ ತಿರುಗಿಸಿ, ಸೋಡಾ ತಾಗಿದರೆ ಗುಲಾಬಿಯಾಗುವ ಫಿನಾಲ್ಫ್ತಲೀನ್ ಬಿಟ್ಟ. ಅಲ್ಲಲ್ಲಿ ಗುಲಾಬಿ ಚುಕ್ಕೆಗಳು ಎದ್ದವು.