ಕೆಂಪು ಚುಕ್ಕಿಗೆ ಬಾಲ ಬಂದಾಗ

"ಸೈಟ್ ಕೆಟ್ಟಿದೆ ಡಾಕ್ಟ್ರೇ, ಇದು ಎರಡನೇದು" ಎನ್ನುತ್ತಲೇ ಒಳಗೆ ಬಂದರು. ವಯಸ್ಸು 58, ಎಷ್ಟೋ ವರ್ಷದಿಂದ ರೈಫಲ್ ಶೂಟಿಂಗ್ ಅಭ್ಯಾಸ. ಸೈಟ್ ಎಂದರೆ ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ಸಾಧನ; ರೆಡ್ ಡಾಟ್ ಆದರೆ ಗಾಜಿನಲ್ಲಿ ಕೆಂಪು ಚುಕ್ಕಿ ಕಾಣುತ್ತದೆ, ಅದನ್ನು ಗುರಿಯ ಮೇಲಿಟ್ಟು ಹೊಡೆಯುವುದು. ಹೊಸ ರೆಡ್ ಡಾಟ್ ಸೈಟ್‌ನಲ್ಲಿ ಚುಕ್ಕಿ ದುಂಡಗಿಲ್ಲ, ಬಾಲ ಇರುವ ಅಲ್ಪವಿರಾಮದ ಹಾಗೆ ಕಾಣುತ್ತದೆ ಎಂಬುದು ಅವರ ದೂರು. ಸೈಟನ್ನು ಬಿಚ್ಚಿ ಜೇಬಲ್ಲಿ ತಂದಿದ್ದರು. ಅದನ್ನು ಅವರ ಕಣ್ಣೆದುರು ಹಿಡಿದು ನಿಧಾನಕ್ಕೆ ತಿರುಗಿಸಿದೆ.

"ಬಾಲನೂ ತಿರುಗ್ತಿದೆಯಾ?"

"ಇಲ್ಲ, ಅದು ಇದ್ದ ಕಡೆನೇ ಇದೆ."

ಸೈಟ್ ತಿರುಗಿದರೂ ಬಾಲ ತಿರುಗದಿದ್ದರೆ ದೋಷ ಕಣ್ಣಿನದು. ಮೊಬೈಲ್‌ನಲ್ಲಿ ಚುಕ್ಕಿಯ ಫೋಟೊ ತೆಗೆದೂ ನೋಡಬಹುದು. ಫೋಟೊದಲ್ಲಿ ದುಂಡಗಿದ್ದರೆ ಸೈಟ್ ಸರಿಯಿದೆ ಎಂದೇ ಅರ್ಥ.

ವಯಸ್ಸಾದ ಶೂಟರ್‌ಗಳು ಎರಡು ತೊಂದರೆಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಒಂದು ಚಾಳೀಸು. 40 ದಾಟಿದ ಮೇಲೆ ಕಣ್ಣಿನೊಳಗಿನ ಲೆನ್ಸ್ ಗಡುಸಾಗುತ್ತಾ ಹೋಗುತ್ತದೆ, ಹತ್ತಿರದ್ದು ಮಬ್ಬಾಗುತ್ತದೆ. ಮಾಮೂಲಿ ಕಬ್ಬಿಣದ ಸೈಟ್‌ನಲ್ಲಿ ಹಿಂದಿನ ಸೈಟ್, ಮುಂದಿನ ಸೈಟ್, ಗುರಿ, ಹೀಗೆ ಮೂರು ದೂರವನ್ನು ಕಣ್ಣು ಸಂಭಾಳಿಸಬೇಕು. ಅದಕ್ಕೆ ರೆಡ್ ಡಾಟ್ ಒಳ್ಳೆಯ ಮದ್ದು. ಪುಟ್ಟ ಎಲ್‌ಇಡಿಯ ಬೆಳಕು ಬಾಗಿದ ಗಾಜಿಗೆ ತಾಗಿ ಸಮಾನಾಂತರ ಕಿರಣಗಳಾಗಿ ಬರುವುದರಿಂದ ಚುಕ್ಕಿ ದೂರದಲ್ಲೇ ಇರುವಂತೆ ಕಾಣುತ್ತದೆ. ಎರಡೂ ಕಣ್ಣು ತೆರೆದು ಗುರಿಯನ್ನು ನೋಡಿದರೆ ಸಾಕು. ಮುಂದಿನ ಸೈಟನ್ನೇ ದಿಟ್ಟಿಸಿ ಪಳಗಿದವರು ಇಲ್ಲೂ ಚುಕ್ಕಿಯನ್ನೇ ದಿಟ್ಟಿಸುತ್ತಾರೆ. ಆ ಅಭ್ಯಾಸ ಬಿಡಬೇಕು.

ಎರಡನೆಯದು ಸಿಲಿಂಡರ್ ಪವರ್, ಅಂದರೆ ಕಣ್ಣಿನ ಮುಂಭಾಗ ಎಲ್ಲ ಕಡೆ ಒಂದೇ ಸಮ ಬಾಗಿರದ ದೋಷ. ಚುಕ್ಕಿಗೆ ಬಾಲ ಬರಿಸುವುದು ಇದೇ. ಮೊದಲು ಚುಕ್ಕಿಯ ಬೆಳಕು ಕಡಿಮೆ ಮಾಡಿ ನೋಡಿ. ಖರ್ಚಿಲ್ಲದ ಈ ಉಪಾಯದಿಂದಲೇ ಎಷ್ಟೋ ಜನಕ್ಕೆ ಬಾಲ ಸಣ್ಣದಾಗುತ್ತದೆ. ಆಮೇಲೆ ಸಿಲಿಂಡರ್ ಸೇರಿಸಿದ, ಬರೀ ದೂರದ ಕನ್ನಡಕ. ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿರುವ ಪ್ರೋಗ್ರೆಸಿವ್ ಬೇಡ. ರೈಫಲ್‌ಗೆ ಕೆನ್ನೆ ಒತ್ತಿದಾಗ ಕಣ್ಣು ಗಾಜಿನ ಮೇಲಿನ ಮೂಲೆಯಿಂದ ನೋಡುತ್ತದೆ, ಪ್ರೋಗ್ರೆಸಿವ್‌ನ ಅಂಚಲ್ಲಿ ಚಿತ್ರ ಸೊಟ್ಟಗಾಗುತ್ತದೆ. ಇಷ್ಟಾದರೂ ಬಾಲ ಹೋಗದಿದ್ದರೆ ಪ್ರಿಸ್ಮ್ ಸೈಟ್ ನೋಡಿ. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೆತ್ತಿರುತ್ತಾರೆ. ಆದರೆ ರೆಡ್ ಡಾಟ್‌ನ ಹಾಗೆ ಕಣ್ಣನ್ನು ಎಲ್ಲಿ ಬೇಕಾದರೂ ಇಡಲಾಗದು.

"ಕಣ್ಣು ಮಂಜು, ದೊಡ್ಡ ಚುಕ್ಕಿ ಕೊಡಿಸಿ" ಅನ್ನುವವರೂ ಇದ್ದಾರೆ. ಚುಕ್ಕಿಯ ಗಾತ್ರವನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳುತ್ತಾರೆ. 6 ಎಂಒಎ ಚುಕ್ಕಿ 100 ಮೀಟರ್‌ನಲ್ಲಿ ಸುಮಾರು 17 ಸೆಂಟಿಮೀಟರ್ ಜಾಗ ಮುಚ್ಚುತ್ತದೆ. 2 ಎಂಒಎ ಆದರೆ 6 ಸೆಂಟಿಮೀಟರ್ ಅಷ್ಟೆ. ಹತ್ತಿರದ, ವೇಗದ ಶೂಟಿಂಗ್‌ಗೆ ದೊಡ್ಡದು ಸರಿ. 100 ಮೀಟರ್ ಆಚೆ ನಿಧಾನವಾಗಿ ಹೊಡೆಯುವವರಿಗೆ ನನ್ನ ಮತ ಗುರಿಯನ್ನು ದೊಡ್ಡದಾಗಿ ತೋರಿಸುವ ಸ್ಕೋಪ್‌ಗೇ. ಗುರಿಯೇ ಕಾಣದಿದ್ದರೆ ಚುಕ್ಕಿ ಎಷ್ಟು ದುಂಡಗಿದ್ದರೇನು?

ಸ್ಕೋಪ್ ಕೊಂಡವರಲ್ಲಿ ಹೆಚ್ಚಿನವರು ಒಳಗಿನ ಗುರಿಯ ಗೆರೆಯನ್ನು ಕಣ್ಣಿಗೆ ಚೂಪು ಮಾಡುವ ಹಿಂಬದಿಯ ಡಯಾಪ್ಟರ್ ರಿಂಗನ್ನು ಮುಟ್ಟಿಯೇ ಇರುವುದಿಲ್ಲ. ದೂರದ ಕನ್ನಡಕ ಹಾಕಿ, ಸ್ಕೋಪನ್ನು ಬಿಳಿ ಗೋಡೆಯ ಕಡೆ ಹಿಡಿದು, ಎರಡು ಸೆಕೆಂಡ್ ಮಾತ್ರ ನೋಡಿ. ಗೆರೆ ಮೊದಲ ನೋಟಕ್ಕೇ ಚೂಪಾಗಿ ಕಾಣಬೇಕು. ಇಲ್ಲದಿದ್ದರೆ ಕಣ್ಣು ತೆಗೆದು, ರಿಂಗ್ ತಿರುಗಿಸಿ, ಮತ್ತೆ ನೋಡಿ. ಜಾಸ್ತಿ ಹೊತ್ತು ನೋಡಿದರೆ ಕಣ್ಣು ತಾನೇ ಹೊಂದಿಕೊಂಡು ನಿಮ್ಮನ್ನು ಏಮಾರಿಸುತ್ತದೆ. ಈ ರಿಂಗ್ ಸಿಲಿಂಡರ್ ಪವರನ್ನು ಸರಿಮಾಡದು, ಅದಕ್ಕೇ ಕನ್ನಡಕ ತೆಗೆಯಬೇಡಿ ಅನ್ನುವುದು.

ಇನ್ನು ಸ್ಕೋಪಿನ ಮುಂಬದಿಗೆ ದೊಡ್ಡ ಗಾಜು ಬೇಕೆಂಬ ಮೋಹ. 56 ಮಿಲಿಮೀಟರ್ ಗಾಜನ್ನು 8 ಪಟ್ಟು ದೊಡ್ಡದಾಗಿ ತೋರಿಸುವಂತೆ ಇಟ್ಟರೆ ಹೊರಬರುವ ಬೆಳಕಿನ ಕಂಬ 7 ಮಿಲಿಮೀಟರ್ ಅಗಲ. ವಯಸ್ಸಾದ ಕಣ್ಣಿನ ಪಾಪೆ ಕತ್ತಲಲ್ಲೂ ಅಷ್ಟು ಅರಳುವುದು ಅಪರೂಪ. ಮಿಕ್ಕ ಬೆಳಕು ವ್ಯರ್ಥ, ಭಾರ ಮಾತ್ರ ನಿಮ್ಮದು.

ಚುಕ್ಕಿಯ ಸುತ್ತ ಹೊಸದಾಗಿ ಬೆಳಕಿನ ಬಳೆ ಕಾಣತೊಡಗಿದರೆ ಅಂಗಡಿಗೆ ಹೋಗಬೇಡಿ. ಪೊರೆ ಶುರುವಾಗಿರಬಹುದು, ಕಣ್ಣು ತೋರಿಸಿ. ಬರುವಾಗ ಸೈಟ್ ಮಾತ್ರ ತನ್ನಿ, ಬಂದೂಕು ಬೇಡ.

ನಮ್ಮ 58ರ ಶೂಟರ್‌ಗೆ ಬೇಕಾಗಿದ್ದು ಹೊಸ ಕನ್ನಡಕ ಅಷ್ಟೆ. ಮೊದಲ ಸೈಟನ್ನು ಸುಮ್ನೆ ಅರ್ಧ ಬೆಲೆಗೆ ಮಾರಿಬಿಟ್ಟೆ ಅಂತ ಈಗಲೂ ಗೊಣಗುತ್ತಿರುತ್ತಾರೆ.