ಬೊಲಿಂಜರ್: ಒಂದೇ ಮನೆ, ಆರೇಳು ಬಾಟಲಿ

ವೈನ್ ಕೋರ್ಸಿನಲ್ಲಿ ಶಾಂಪೇನ್ ಪಾಠ ಶುರುವಾದಾಗ ನಾವೆಲ್ಲ ಮಾಡುವ ಕೆಲಸ ಒಂದೇ. ಹತ್ತು ಮನೆಗಳ ಹೆಸರು ಬರೆದುಕೊಳ್ಳುತ್ತೇವೆ, ಒಂದೊಂದಕ್ಕೂ ಎರಡೆರಡು ಸಾಲು ಬಾಯಿಪಾಠ ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಪರೀಕ್ಷೆಗೆ ಎರಡು ವಾರ ಇದ್ದಾಗ ನೋಡಿದರೆ ತಲೆಯಲ್ಲಿ ಎಲ್ಲ ಕಲಸುಮೇಲೋಗರ. ಆಮೇಲೆ ಒಂದೇ ಮನೆ ಹಿಡಿದು, ಅದರ ಬಾಟಲಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದೆ. ಆಗ ಉಳಿದವೂ ಅರ್ಥವಾಗತೊಡಗಿದವು. ನಾನು ಹಿಡಿದ ಮನೆ ಬೊಲಿಂಜರ್. (ಶಾಂಪೇನ್ ತಯಾರಿಸುವ ಕಂಪನಿಗೆ ಫ್ರೆಂಚರು 'ಮೇಜೋಂ' ಅಂತಾರೆ, ಅಂದರೆ ಮನೆ. ಅದಕ್ಕೇ ನಾನೂ ಮನೆ ಅನ್ನುತ್ತಿದ್ದೇನೆ.)

ಇದೇ ಯಾಕೆ ಅಂದರೆ, ಇಲ್ಲಿನ ಬಾಟಲಿಗಳ ನಡುವಿನ ಮುಖ್ಯ ವ್ಯತ್ಯಾಸ ಸಿಹಿಯಲ್ಲಿಲ್ಲ, ಬೆಲೆಯಲ್ಲೂ ಇಲ್ಲ. ಯಾವುದರಲ್ಲಿ ಇಟ್ಟರು, ಎಷ್ಟು ದಿನ ಇಟ್ಟರು ಅನ್ನುವುದರಲ್ಲಿದೆ. ನೆನೆಹಾಕಿ ರುಬ್ಬಿದ ಒಂದೇ ಹಿಟ್ಟು ಮೊದಲ ದಿನ ಇಡ್ಲಿ, ಮಾರನೇ ದಿನ ದೋಸೆ, ಮೂರನೇ ದಿನ ಪಡ್ಡು ಆಗುತ್ತದಲ್ಲ, ಆ ಲೆಕ್ಕ ಗೊತ್ತಿದ್ದವರಿಗೆ ಈ ಮನೆ ಅರ್ಧ ಅರ್ಥವಾದ ಹಾಗೆ.

ಮೊದಲು ಜಾಗ. ಊರಿನ ಹೆಸರು ಆಯಿ. ಮಾರ್ನ್ ನದಿಯ ಪಕ್ಕ, ಎಪರ್ನೇ ಪಟ್ಟಣಕ್ಕೆ ಹತ್ತಿರ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ 'ಗ್ರಾಂಡ್ ಕ್ರು', ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಇರುವ ಊರುಗಳು 17. ಆಯಿ ಅದರಲ್ಲೊಂದು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು, ಕೆಳಗೆ ಸೀಮೆಸುಣ್ಣದಂಥ ಬಿಳಿ ಕಲ್ಲು. ಪಿನೋ ನ್ವಾರ್ ದ್ರಾಕ್ಷಿಗೆ ಹೇಳಿ ಮಾಡಿಸಿದ ಊರು. ಮನೆಗೆ ಸುಮಾರು 180 ಹೆಕ್ಟೇರ್ ಸ್ವಂತ ತೋಟ ಇದೆ, ಅದರಲ್ಲೂ ಪಿನೋ ನ್ವಾರ್‌ದೇ ಮೇಲುಗೈ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಎಲ್ಲ ಬಾಟಲಿಯಲ್ಲೂ ಇದೇ ದ್ರಾಕ್ಷಿ ಮುಂದೆ ನಿಂತಿರುತ್ತದೆ.

ಇತಿಹಾಸ ಸ್ವಲ್ಪ ಸಾಕು. 1829ರಲ್ಲಿ ಮೂವರು ಸೇರಿ ಶುರು ಮಾಡಿದರು. ಅಥನಾಸ್ ದ ವಿಲರ್‌ಮೋಂ ಅನ್ನುವ ಶ್ರೀಮಂತ ಮನೆತನದವರದ್ದು ತೋಟ. ಆದರೆ ಆ ಕಾಲದಲ್ಲಿ ಅಂಥ ಮನೆತನದವರು ವ್ಯಾಪಾರಕ್ಕೆ ಹೆಸರು ಹಾಕುವುದು ಮರ್ಯಾದೆಯ ಪ್ರಶ್ನೆ. ಹಾಗಾಗಿ ಹೆಸರು ಬಂದದ್ದು ಪಾಲುದಾರರದ್ದು, ಪೋಲ್ ರೆನೋದಾಂ ಮತ್ತು ಜರ್ಮನ್ ನಾಡಿನಿಂದ ಬಂದ ಜೋಸೆಫ್ ಬೊಲಿಂಜರ್. ಆಮೇಲೆ ಬೊಲಿಂಜರ್ ವಿಲರ್‌ಮೋಂ ಅವರ ಅಳಿಯನೂ ಆದರು. 1884ರಲ್ಲಿ ವಿಕ್ಟೋರಿಯಾ ರಾಣಿಯ ಅರಮನೆಗೆ ಸರಬರಾಜು ಮಾಡುವ ಅಧಿಕೃತ ಪತ್ರ ಸಿಕ್ಕಿತು. ಜೇಮ್ಸ್ ಬಾಂಡ್ ಕುಡಿಯುವುದೂ ಇದನ್ನೇ, ಆದರೆ ಅದಕ್ಕೆ ಪರೀಕ್ಷೆಯಲ್ಲಿ ಅಂಕ ಕೊಡುವುದಿಲ್ಲ.

ನೆನಪಿಡಬೇಕಾದ ಒಬ್ಬರಿದ್ದಾರೆ, ಲಿಲಿ ಬೊಲಿಂಜರ್. 1941ರಲ್ಲಿ ಗಂಡ ತೀರಿಕೊಂಡಾಗ ಊರು ಜರ್ಮನ್ ಸೈನ್ಯದ ಕೈಯಲ್ಲಿತ್ತು. ಆಕೆ ಮನೆಯ ಚುಕ್ಕಾಣಿ ಹಿಡಿದು ಮೂವತ್ತು ವರ್ಷ ನಡೆಸಿದರು. ತೋಟ ನೋಡಿಕೊಂಡು ಬರಲು ಸೈಕಲ್ ಹತ್ತುತ್ತಿದ್ದರು. ಕೆಳಗೆ ಬರುವ ಬಾಟಲಿಗಳಲ್ಲಿ ಎರಡು ಅವರ ಕಾಲದವು.

ಈಗ ನೊರೆಯ ವಿಷಯ. ನಿಮಗೆ ಗೊತ್ತಿರುವುದೇ, ಬೇಗ ದಾಟೋಣ. ಗುಳ್ಳೆ ಇಲ್ಲದ ವೈನನ್ನು ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಯೀಸ್ಟ್ ಹಾಕಿ ಮುಚ್ಚುತ್ತಾರೆ. ಒಳಗೇ ಮತ್ತೊಮ್ಮೆ ಹುದುಗು ಬರುತ್ತದೆ. ಅನಿಲ ಹೊರಗೆ ಹೋಗಲಾಗದೆ ಸುಮಾರು 6 ಬಾರ್ ಒತ್ತಡ ಕಟ್ಟುತ್ತದೆ, ಕಾರಿನ ಟೈರಿನದಕ್ಕಿಂತ ಎರಡೂವರೆ ಪಟ್ಟು. ಸತ್ತ ಯೀಸ್ಟ್ ಕೆಳಗೆ ಕೂರುತ್ತದೆ. ತುಪ್ಪ ಕಾಯಿಸಿದಾಗ ತಳದಲ್ಲಿ ನಿಲ್ಲುತ್ತದಲ್ಲ, ಹಾಗೆ. ನಾನು ಇದನ್ನು ಗಸಿ ಅಂತ ಬರೆದುಕೊಂಡಿದ್ದೇನೆ. ವೈನ್ ಗಸಿಯ ಜೊತೆ ಎಷ್ಟು ಕಾಲ ಇರುತ್ತದೋ ಅಷ್ಟು ಅದರಲ್ಲಿ ಬೇಕರಿ ವಾಸನೆ ಬರುತ್ತದೆ. ಸಂಜೆ ಅಯ್ಯಂಗಾರ್ ಬೇಕರಿ ಮುಂದೆ ಬಿಸಿ ಬನ್ ಹೊರಗೆ ತೆಗೆದಾಗ ಬರುವ ವಾಸನೆ ನೆನಪಿಸಿಕೊಳ್ಳಿ. ಕಾನೂನಿನ ಪ್ರಕಾರ ಮಾಮೂಲಿ ಶಾಂಪೇನ್ ಒಟ್ಟು 15 ತಿಂಗಳು ಮಾಗಬೇಕು, ಅದರಲ್ಲಿ 12 ತಿಂಗಳು ಗಸಿಯ ಮೇಲೆ. ಒಂದೇ ವರ್ಷದ ಬೆಳೆಯ ಶಾಂಪೇನ್ ಆದರೆ 3 ವರ್ಷ.

ಸ್ಪೆಷಲ್ ಕುವೇ

ಅಂಗಡಿಯಲ್ಲಿ ಕಾಣುವ ಬಾಟಲಿ ಇದು. ಹೆಸರು ನೋಡಿ ಏನೋ ದೊಡ್ಡದು ಅಂದುಕೊಳ್ಳಬೇಡಿ. ಮನೆಯ ದಿನನಿತ್ಯದ ಶಾಂಪೇನ್ ಇದೇ. 60% ಪಿನೋ ನ್ವಾರ್, 25% ಶಾರ್ಡನೇ, 15% ಮ್ಯುನಿಯೇ. ಮೂರೂ ದ್ರಾಕ್ಷಿ ಸೇರಿ ನೂರು. ಇದನ್ನು ಮಾತ್ರ ಬಾಯಿಪಾಠ ಮಾಡಿ. ಗಸಿಯ ಮೇಲೆ ಕಾನೂನು ಹೇಳುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇರುತ್ತದೆ. ಕೊನೆಯಲ್ಲಿ ಸೇರಿಸುವ ಸಕ್ಕರೆ, ಅಂದರೆ ಡೋಸಾಜ್, ಲೀಟರಿಗೆ 7–8 ಗ್ರಾಂ. 'ಬ್ರುಟ್' (ಸಿಹಿ ಕಡಿಮೆ ಇರುವ ಶಾಂಪೇನ್) ಅನ್ನಿಸಿಕೊಳ್ಳಲು 12 ಗ್ರಾಂ ಒಳಗಿದ್ದರೆ ಸಾಕು. ನಡುವೆ ಒಂದು ಮಾತು: ಚೀಟಿಯ ಮೇಲೆ 'ಎಕ್ಸ್‌ಟ್ರಾ ಡ್ರೈ' ಅಂತಿದ್ದರೆ ಅದು ಬ್ರುಟ್‌ಗಿಂತ ಸಿಹಿ. ಹೆಸರಿಟ್ಟವರನ್ನು ಕೇಳಬೇಕು!

ಈ ಬಾಟಲಿಯ ಗುಟ್ಟು ಇರುವುದು ನೆಲಮಾಳಿಗೆಯಲ್ಲಿ. ಪ್ರತಿ ವರ್ಷದ ಬೆಳೆ ಒಂದೇ ಥರ ಇರುವುದಿಲ್ಲ. ಆದರೆ ಸ್ಪೆಷಲ್ ಕುವೇ ಪ್ರತಿ ವರ್ಷ ಒಂದೇ ಥರ ಇರಬೇಕು. ಅದಕ್ಕೆ ಹಳೆಯ ವೈನ್ ಬೇಕು. ಬಹಳ ಮನೆಗಳು ಹಳೆಯ ವೈನನ್ನು ಸ್ಟೀಲ್ ಟ್ಯಾಂಕಿನಲ್ಲಿ ಇಡುತ್ತವೆ. ಬೊಲಿಂಜರ್‌ನವರು ಒಂದೂವರೆ ಲೀಟರಿನ ಮ್ಯಾಗ್ನಮ್ ಬಾಟಲಿಗಳಲ್ಲಿ ತುಂಬಿ, ನಿಜವಾದ ಬಿರಡೆ ಹಾಕಿ ಇಡುತ್ತಾರೆ. ಅಂಥ ಬಾಟಲಿಗಳು ಲಕ್ಷಗಟ್ಟಲೆ. ಊರು ಬೇರೆ, ವರ್ಷ ಬೇರೆ, ದ್ರಾಕ್ಷಿ ಬೇರೆ ಇದ್ದರೆ ಸಾಲೂ ಬೇರೆ. ಒಳಗೆ ತುಸು ಸಕ್ಕರೆ, ಯೀಸ್ಟ್ ಹಾಕಿರುತ್ತಾರೆ. ಸಣ್ಣಗೆ ನೊರೆ ಕಟ್ಟಿ ವೈನನ್ನು ತಾಜಾ ಆಗಿ ಇಡಲಿ ಅಂತ. ಐದರಿಂದ ಹದಿನೈದು ವರ್ಷ ಹೀಗೆ ಮಲಗಿರುತ್ತವೆ. ಮಿಶ್ರಣ ಮಾಡುವವರಿಗೆ ಇದು ಸಾಂಬಾರ ಡಬ್ಬಿ ಇದ್ದ ಹಾಗೆ: ಇದರಿಂದ ಒಂದು ಚಿಟಿಕೆ, ಅದರಿಂದ ಎರಡು. ಆದರೆ ಆ ಚಿಟಿಕೆಗಾಗಿ ಸಾವಿರಾರು ಮ್ಯಾಗ್ನಮ್‌ಗಳನ್ನು ಒಂದೊಂದಾಗಿ ಕೈಯಿಂದಲೇ ತೆರೆಯಬೇಕು.

ಇನ್ನೊಂದು, ಮರದ ಪೀಪಾಯಿ. ಮೊದಲ ಹುದುಗನ್ನು ಸಾಕಷ್ಟು ಪಾಲು ಹಳೆಯ ಓಕ್ ಪೀಪಾಯಿಗಳಲ್ಲಿ ಮಾಡುತ್ತಾರೆ. 'ಹಳೆಯ' ಅನ್ನುವ ಪದಕ್ಕೆ ಗೆರೆ ಎಳೆಯಿರಿ. ಹೊಸ ಪೀಪಾಯಿ ಆದರೆ ವೆನಿಲ್ಲಾ ವಾಸನೆ ಬಿಡುತ್ತದೆ. ಇವರಿಗೆ ಅದು ಬೇಡ. ಮರದ ಸಂದಿನಿಂದ ಸ್ವಲ್ಪ ಸ್ವಲ್ಪ ಗಾಳಿ ತಗುಲಲಿ, ಅಷ್ಟೇ. ಎಳೆಯದರಲ್ಲೇ ಗಾಳಿಯ ಪರಿಚಯ ಆದ ವೈನ್ ಮುಂದೆ ಗಾಳಿಗೆ ಬೇಗ ಸೋಲುವುದಿಲ್ಲ. ಮಕ್ಕಳಿಗೆ ಲಸಿಕೆ ಹಾಕಿಸಿದ ಹಾಗೆ. ಪೀಪಾಯಿ ರಿಪೇರಿಗೆ ಮನೆಯಲ್ಲೇ ಕೆಲಸಗಾರರನ್ನು ಇಟ್ಟುಕೊಂಡಿದ್ದಾರೆ.

ನಮ್ಮ ರುಚಿ ನೋಡುವ ತರಗತಿಯಲ್ಲಿ ಇದನ್ನು ಐಸ್‌ನಿಂದ ತೆಗೆದು ನೇರ ಸುರಿದರು. ಬಾಯಿಗೆ ಹುಳಿ, ಗುಳ್ಳೆ ಬಿಟ್ಟರೆ ಏನೂ ಸಿಗಲಿಲ್ಲ. 'ಸಾಧಾರಣ' ಅಂತ ಬರೆದುಬಿಟ್ಟೆ. ಪಕ್ಕದವಳು ಲೋಟ ಮುಟ್ಟದೆ ಸುಮ್ನೆ ಕೂತಿದ್ದಳು. ಇಪ್ಪತ್ತು ನಿಮಿಷ ಬಿಟ್ಟು ಮೂಸಿ ನೋಡಿ ಅಂದಳು. ಮೊದಲು ಬೇಯಿಸಿದ ಸೇಬು, ಆಮೇಲೆ ಬನ್, ಕೊನೆಗೆ ಅಕ್ರೋಟು. ಕೊಯ್ದಿಟ್ಟ ಸೇಬು ಕಂದು ಬಣ್ಣಕ್ಕೆ ತಿರುಗಿದಾಗ ಒಂದು ವಾಸನೆ ಬರುತ್ತದಲ್ವಾ, ಅದೂ ಸಣ್ಣಗೆ ಇತ್ತು. ಪೀಪಾಯಿಯ ಗಾಳಿಯ ಗುರುತು ಅದೇ. ಬರೆದದ್ದನ್ನು ಹೊಡೆದುಹಾಕಿದೆ. 8ರಿಂದ 10 ಡಿಗ್ರಿ ಇರಲಿ, ಲೋಟ ತೀರಾ ಕಿರಿದಾಗಿರುವುದು ಬೇಡ.

ರೋಸೆ, ಅಂದರೆ ಗುಲಾಬಿ ಬಣ್ಣದ ಶಾಂಪೇನ್ ಬಗ್ಗೆ ಎರಡೇ ಮಾತು. ಸ್ಪೆಷಲ್ ಕುವೇಯಂಥದೇ ಮಿಶ್ರಣಕ್ಕೆ ಐದಾರು ಪ್ರತಿಶತ ಕೆಂಪು ವೈನ್ ಸೇರಿಸಿದರೆ ಅದೇ ರೋಸೆ. ಇದು 2008ರಿಂದ ಇದೆ. ಅಷ್ಟು ಕಡಿಮೆ ಕೆಂಪು ವೈನ್ ಹಾಕಿದರೂ ಬಣ್ಣ, ರುಚಿ ಎರಡೂ ಗಟ್ಟಿಯಾಗಿ ಬರುತ್ತದೆ.

ಗ್ರಾಂಡ್ ಆನೇ ಮತ್ತು ಆರ್.ಡಿ.

ಒಳ್ಳೆಯ ಬೆಳೆ ಬಂದ ವರ್ಷ ಮಾತ್ರ ಗ್ರಾಂಡ್ ಆನೇ ಮಾಡುತ್ತಾರೆ. ಹೆಸರಿನ ಅರ್ಥವೇ 'ದೊಡ್ಡ ವರ್ಷ'. 2002, 2004, 2008, 2012 ಹೀಗೆ. ಪೂರ್ತಿ ಪೀಪಾಯಿಯಲ್ಲೇ ಹುದುಗು. ಗಸಿಯ ಮೇಲೆ ಹಲವು ವರ್ಷ. 2003ರಲ್ಲಿ ವಸಂತದಲ್ಲಿ ಹಿಮ, ಬೇಸಿಗೆಯಲ್ಲಿ ಸುಡುಬಿಸಿಲು. ಬಂದ ವೈನ್ ಚೆನ್ನಾಗಿತ್ತು, ಆದರೆ ಮನೆಯ ಗುಣ ಅದಲ್ಲ ಅನ್ನಿಸಿತು. ಗ್ರಾಂಡ್ ಆನೇ ಅಂತ ಕರೆಯದೆ '2003 ಬೈ ಬೊಲಿಂಜರ್' ಅಂತ ಬೇರೆಯೇ ಹೆಸರಿಟ್ಟು ಬಿಟ್ಟರು. ಹೌಸ್ ಸ್ಟೈಲ್ ಅಂದರೇನು ಅಂತ ಪ್ರಶ್ನೆ ಬಂದರೆ ನಾನು ಕೊಡುವ ಉದಾಹರಣೆ ಇದೇ.

ಬೇರೆ ಮನೆಗಳಲ್ಲಿ ಗಸಿಯ ಮೇಲೆ ಮಾಗುವ ಬಾಟಲಿಗೆ ಸಾಮಾನ್ಯವಾಗಿ ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ ಇರುತ್ತದೆ. ಗ್ರಾಂಡ್ ಆನೇಗೆ ಬಿರಡೆ, ಮೇಲೆ ಉಕ್ಕಿನ ಕೊಕ್ಕೆ. ಅನೇಕ ವರ್ಷ ಇಡುವುದಾದರೆ ಬಿರಡೆಯೇ ಒಳ್ಳೆಯದು ಅಂತ ಇವರ ನಂಬಿಕೆ. ಮಾಗಿದ ಮೇಲೆ ಗಸಿ ಹೊರಗೆ ಹಾಕಲು ಮುಚ್ಚಳ ತೆಗೆಯಬೇಕು. ತಗಡಾದರೆ ಯಂತ್ರ ಕಿತ್ತುಹಾಕುತ್ತದೆ. ಬಿರಡೆಗೆ ಕೈಯೇ ಬೇಕು. ಕೆಲಸಗಾರ ಬಾಟಲಿಯ ಕತ್ತು ಕೆಳಗೆ ಮಾಡಿ ಹಿಡಿದು ಕೊಕ್ಕೆ ಸಡಿಲಿಸುತ್ತಾನೆ, ಅದೇ ಗಳಿಗೆಯಲ್ಲಿ ಬಾಟಲಿ ಮೇಲೆತ್ತುತ್ತಾನೆ. ಬಿರಡೆ ಹಾರಿ, ನೊರೆಯ ಜೊತೆ ಗಸಿ ಹೊರಗೆ ಬೀಳುತ್ತದೆ. ತಕ್ಷಣ ಹೆಬ್ಬೆರಳಿನಿಂದ ಬಾಯಿ ಮುಚ್ಚಬೇಕು. ತಡವಾದರೆ ವೈನೂ ಹೋಯಿತು. ಆಮೇಲೆ ಮೂಗಿಗೆ ಹಿಡಿದು ಬಿರಡೆಯ ಮುಗ್ಗಲು ವಾಸನೆ ಇದೆಯಾ ಅಂತ ನೋಡುತ್ತಾನೆ. ಪ್ರತಿ ಬಾಟಲಿಗೂ ಇದೇ.

ಇಲ್ಲೇ ಎಲ್ಲರೂ ಎಡವುವ ಪ್ರಶ್ನೆ. ಆರ್.ಡಿ. ಬೇರೆ ವೈನಾ? ಅಲ್ಲ. ಅದೇ ಗ್ರಾಂಡ್ ಆನೇ. ಒಂದಷ್ಟು ಬಾಟಲಿಗಳನ್ನು ಮಾರದೆ ಇನ್ನೂ ಹಲವು ವರ್ಷ ಗಸಿಯ ಜೊತೆಗೇ ಬಿಟ್ಟು, ಆಮೇಲೆ ತೆಗೆದದ್ದು. ಆರ್.ಡಿ. ಅಂದರೆ ಇತ್ತೀಚೆಗೆ ಗಸಿ ತೆಗೆದದ್ದು ಅಂತ. ಲಿಲಿ ಅವರ ಯೋಚನೆ ಇದು. 1952ರ ವೈನನ್ನು 1967ರಲ್ಲಿ ಹೀಗೆ ಮಾರುಕಟ್ಟೆಗೆ ಬಿಟ್ಟರು. ಸಕ್ಕರೆ ಕಡಿಮೆ, ಸುಮಾರು 3 ಗ್ರಾಂ, ಹಾಗಾಗಿ 'ಎಕ್ಸ್‌ಟ್ರಾ ಬ್ರುಟ್'. ವಯಸ್ಸು ಜಾಸ್ತಿ, ಆದರೆ ಗಸಿಯ ಕಾವಲಲ್ಲಿದ್ದದ್ದರಿಂದ ಬಾಯಲ್ಲಿ ಚುರುಕು ಹಾಗೇ ಇರುತ್ತದೆ. ಜೇನು, ಅಣಬೆ, ಹುರಿದ ಬೀಜದ ವಾಸನೆ ಒಂದು ಕಡೆ, ನಿಂಬೆಯ ಹುಳಿ ಇನ್ನೊಂದು ಕಡೆ.

ಪಿ.ಎನ್. ಸರಣಿ ಹೊಸದು. ಪೂರ್ತಿ ಪಿನೋ ನ್ವಾರ್. ಹೆಸರು ಬಸ್ಸಿನ ನಂಬರಿನ ಹಾಗಿರುತ್ತದೆ, ಓದಲು ಕಲಿತರೆ ಸುಲಭ. 'ಪಿ.ಎನ್. ವಿ.ಜೆಡ್. 15' ಅಂದರೆ ಪಿನೋ ನ್ವಾರ್, ಮುಖ್ಯ ಊರು ವೆರ್ಜ್ನೇ, ಮೂಲ ಬೆಳೆ 2015ರದು. 'ಟಿ.ಎಕ್ಸ್. 17' ಇದ್ದರೆ ಊರು ತೋಸಿಯೇರ್, ವರ್ಷ 2017. ಒಂದೇ ದ್ರಾಕ್ಷಿ, ಊರು ಬದಲಾದಾಗ ಏನಾಗುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಪಾಠ ಇಲ್ಲ.

ವಿಯೇಯ್ ವೀನ್ಯ್ ಫ್ರಾಂಸೇಜ್ (ಅಂದರೆ 'ಹಳೆಯ ಫ್ರೆಂಚ್ ಬಳ್ಳಿಗಳು') ನಾನು ಕುಡಿದಿಲ್ಲ, ಕುಡಿಯುವ ಯೋಗವೂ ಕಾಣುತ್ತಿಲ್ಲ. ಆದರೂ ಓದಲೇಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಫೈಲಾಕ್ಸೆರಾ ಅನ್ನುವ ಬೇರು ತಿನ್ನುವ ಹೇನು ಯುರೋಪಿನ ತೋಟಗಳನ್ನು ನುಂಗಿತು. ಅಂದಿನಿಂದ ಹೆಚ್ಚಿನ ಕಡೆ ದ್ರಾಕ್ಷಿಯನ್ನು ಅಮೆರಿಕದ ಬೇರಿಗೆ ಕಸಿ ಮಾಡಿಯೇ ನೆಡುತ್ತಾರೆ. ಆಯಿ ಊರಿನಲ್ಲಿ ಬೊಲಿಂಜರ್‌ನವರ ಎರಡು ಪುಟ್ಟ ಗೋಡೆಯೊಳಗಿನ ತೋಟ ಹೇಗೋ ಉಳಿದವು. ಅಲ್ಲಿ ಸಾಲು ಇಲ್ಲ, ಗಿಡಗಳು ಗುಂಪಾಗಿ ಎಲ್ಲೆಂದರಲ್ಲಿ. ಹೊಸ ಗಿಡ ಬೇಕಾದರೆ ಹಳೆ ಕೊಂಬೆ ಬಗ್ಗಿಸಿ ಮಣ್ಣಲ್ಲಿ ಹೂಳುತ್ತಾರೆ, ನಾವು ಮಲ್ಲಿಗೆ ಬಳ್ಳಿಗೆ ಮಾಡುವ ಹಾಗೆ. 1969ರಲ್ಲಿ ಮೊದಲ ಬಾರಿಗೆ ಇದರದ್ದೇ ವೈನ್ ಮಾಡಿದರು. ಬೂಜಿ ಊರಿನಲ್ಲಿ ಮೂರನೆಯ ತುಂಡು ಇತ್ತು, ಅದನ್ನು ಆಮೇಲೆ ಹೇನು ತಿಂದುಹಾಕಿತು.

ಕೊನೆಗೆ, ಯಾರಾದರೂ ಆರ್.ಡಿ. ಕೊಳ್ಳುವಷ್ಟು ಪುಣ್ಯವಂತರಿದ್ದರೆ, ಬೆಳೆಯ ವರ್ಷ ನೋಡಿದರೆ ಸಾಲದು. ಗಸಿ ತೆಗೆದ ದಿನಾಂಕವನ್ನೂ ಹುಡುಕಿ. ತೆಗೆದು ಹತ್ತು ವರ್ಷ ಆಗಿದ್ದರೆ, 'ಇತ್ತೀಚೆಗೆ' ಅನ್ನುವ ಹೆಸರು ಚೀಟಿಯ ಮೇಲೆ ಮಾತ್ರ ಉಳಿದಿರುತ್ತದೆ.