ಬೀದರ್ ನೋಡಲು ಒಂದು ದಿನ ಸಾಕಾ?

ಪ್ರಶ್ನೆ: ಮದುವೆಗೆ ಅಂತ ಹೈದರಾಬಾದ್‌ಗೆ ಹೊರಟಿದ್ದೇವೆ. ಬರುವಾಗ ಒಂದು ದಿನ ಬೀದರ್‌ನಲ್ಲಿ ಇಳಿಯೋಣ ಅಂತಿದೆ. ಜೊತೆಗೆ ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಒಂದು ದಿನದಲ್ಲಿ ಊರು ನೋಡಿ ಮುಗಿಯುತ್ತಾ? ಕೋಟೆ ಒಂದನ್ನೇ ನೋಡಿದರೆ ಸಾಕಾ?

ಒಂದು ದಿನ ಸಾಕು. ಆದರೆ ಕೋಟೆ ಒಂದೇ ಸಾಲದು. ಬೀದರ್‌ಗೆ ಬರುವವರಲ್ಲಿ ತುಂಬಾ ಜನ ಕೋಟೆಯಲ್ಲಿ ಅರ್ಧ ದಿನ ಕಳೆದು, ಗುರುದ್ವಾರಕ್ಕೆ ಹೋಗಿ ಕೈಮುಗಿದು, ಬಸ್ ಹತ್ತುತ್ತಾರೆ. ಊರ ಪಕ್ಕದಲ್ಲೇ ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು ನೋಡದೇ ಹೋಗುತ್ತಾರೆ. ನನ್ನನ್ನು ಕೇಳಿದರೆ, ಹೊತ್ತು ಸಾಲದೇ ಬಂದರೆ ಕೋಟೆಯಲ್ಲೇ ಒಂದು ಗಂಟೆ ಕಡಿಮೆ ಮಾಡಿ. ಅಷ್ಟೂರು ಮಾತ್ರ ಬಿಡಬೇಡಿ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಮೊದಲು ಈ ಊರು ಕೂತಿರುವ ಜಾಗ ಹೇಗಿದೆ ಅಂತ ತಿಳಿದುಕೊಳ್ಳಿ. ಅದು ಗೊತ್ತಾದರೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಬೀದರ್ ಇರುವುದು ಒಂದು ದೊಡ್ಡ ಮಟ್ಟಸ ಗುಡ್ಡದ ಮೇಲೆ, ಅದರ ಅಂಚಿಗೆ. ಸಮುದ್ರ ಮಟ್ಟದಿಂದ 2,000 ಅಡಿಗೂ ಎತ್ತರ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಗಟ್ಟಿ ಕರಿಕಲ್ಲು. ಕೆಂಪು ಕಲ್ಲಿನಲ್ಲಿ ಸಣ್ಣ ಸಣ್ಣ ತೂತು ಜಾಸ್ತಿ. ಬಿದ್ದ ಮಳೆನೀರು ಅದರೊಳಗೆ ಇಳಿಯುತ್ತಾ ಹೋಗಿ, ಕೆಳಗಿನ ಗಟ್ಟಿ ಪದರ ಸಿಕ್ಕ ಕೂಡಲೇ ನಿಲ್ಲುತ್ತದೆ. ಆಮೇಲೆ ಅಡ್ಡಡ್ಡ ಹರಿದು, ಗುಡ್ಡದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಈ ಊರಿಗೆ ಕೋಟೆ ಬಂದದ್ದು, ರಾಜಧಾನಿ ಬಂದದ್ದು, ಝರಿಗಳ ಪಕ್ಕ ದೇವರ ಜಾಗಗಳು ಬೆಳೆದದ್ದು, ಎಲ್ಲದರ ಹಿಂದೆ ಈ ಕಲ್ಲು ಮತ್ತು ಈ ನೀರು ಇದೆ.

ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ಮೊದಲ ರಾಜಧಾನಿ ನಮ್ಮ ಪಕ್ಕದ ಕಲಬುರಗಿ. 1422ರಿಂದ 1436ರವರೆಗೆ ಆಳಿದ ಅಹ್ಮದ್ ಷಾ ಅದನ್ನು ಬೀದರ್‌ಗೆ ತಂದ. ಎತ್ತರದ ಜಾಗ, ತಂಪು ಗಾಳಿ, ಅಂಚಿನಲ್ಲಿ ಕಡಿದಾದ ಇಳಿಜಾರು, ಕುಡಿಯಲು ನೀರು. ರಾಜನಿಗೆ ಇನ್ನೇನು ಬೇಕು?

ಬೆಳಿಗ್ಗೆ ಚೌಬಾರಾದಿಂದ ಶುರು ಮಾಡಿ. ಹಳೇ ಊರಿನ ನಡುಮಧ್ಯೆ, ನಾಲ್ಕು ರಸ್ತೆ ಕೂಡುವ ಕಡೆ ನಿಂತಿರುವ ದುಂಡನೆಯ ಗೋಪುರ ಅದು. ಎತ್ತರ ಸುಮಾರು 70 ಅಡಿ. ಹಿಂದೆ ಇದರ ಮೇಲೆ ನಿಂತು ಸುತ್ತಲಿನ ಬಯಲು ಕಾಯುತ್ತಿದ್ದರು. ಪಕ್ಕದಲ್ಲೇ ಚಹಾ, ಉಪ್ಪಿಟ್ಟು ಸಿಗುತ್ತದೆ. ತಿಂದು ಕೋಟೆಯ ದಿಕ್ಕಿಗೆ ನಡೆಯಿರಿ. ಸ್ವಲ್ಪ ದೂರದಲ್ಲೇ ಮಹಮೂದ್ ಗವಾನ್ ಮದರಸಾ ಸಿಗುತ್ತದೆ.

ಇಲ್ಲಿಗೆ ಬೆಳಿಗ್ಗೆಯೇ ಬನ್ನಿ ಅನ್ನುವುದಕ್ಕೆ ಕಾರಣ ಇದೆ. ಮದರಸಾದ ಮುಂಭಾಗ ಪೂರ್ವಕ್ಕಿದೆ. ಎಳೆಬಿಸಿಲು ನೇರ ಗೋಡೆಗೆ ಬೀಳುವಾಗ ನೀಲಿ, ಬಿಳಿ, ಹಳದಿ ಹೆಂಚುಗಳು ಹೊಳೆಯುತ್ತವೆ. ಮಧ್ಯಾಹ್ನದ ಮೇಲೆ ಬಂದರೆ ಅದೇ ಗೋಡೆ ನೆರಳಿನಲ್ಲಿ ಮಂಕಾಗಿರುತ್ತದೆ. ಉಳಿದಿರುವ ಒಂದು ಮಿನಾರಿನ ಬುಡಕ್ಕೆ ಹೋಗಿ ಕತ್ತೆತ್ತಿ ನೋಡಿ. ಅಂಕುಡೊಂಕು ಗೆರೆಗಳ ಪಟ್ಟಿ ಮಿನಾರಿನ ಮೈಸುತ್ತ ಮೇಲೇರುತ್ತದೆ. ಹೆಂಚು ಉದುರಿದ ಕಡೆ ಬರೀ ಗಾರೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡಿದಾಗಲೇ, ಒಂದು ಕಾಲಕ್ಕೆ ಇಡೀ ಮುಂಭಾಗ ಎಷ್ಟು ಬಣ್ಣವಾಗಿತ್ತು ಅಂತ ಊಹಿಸಲು ಆಗುವುದು.

ಇದನ್ನು ಕಟ್ಟಿಸಿದ ಗವಾನ್ ಇರಾನಿನ ಗೀಲಾನ್ ಕಡೆಯಿಂದ ವ್ಯಾಪಾರಕ್ಕೆ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾದ. ನಾಲ್ಕು ದೊಡ್ಡ ಪ್ರಾಂತಗಳನ್ನು ಒಡೆದು ಎಂಟು ಮಾಡಿದ. ಅಲ್ಲಿಯ ಸರದಾರರ ಕೈ ಕಟ್ಟಿದ ಹಾಗಾಯಿತು. 1472ರಲ್ಲಿ ಮದರಸಾ ಎದ್ದು ನಿಂತಿತು. ಇನ್ನೂ ಹತ್ತು ವರ್ಷ ತುಂಬಿರಲಿಲ್ಲ, ಆಗದವರು ಅವನ ಹೆಸರಿನಲ್ಲಿ ಸುಳ್ಳು ಪತ್ರ ಹುಟ್ಟಿಸಿದರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆದಿದ್ದಾನೆ ಅಂದರು. ಸುಲ್ತಾನ ನಂಬಿಬಿಟ್ಟ. 1481ರಲ್ಲಿ ಗವಾನನ ತಲೆ ಹೋಯಿತು. ಅವನ ನಂತರ ರಾಜ್ಯ ಮತ್ತೆ ಸುಧಾರಿಸಿಕೊಳ್ಳಲೇ ಇಲ್ಲ. ಕಟ್ಟಡಕ್ಕೂ ಒಳ್ಳೆಯ ಗತಿ ಬರಲಿಲ್ಲ. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಸಿಡಿಮದ್ದು ಹೊತ್ತಿಕೊಂಡು ಮುಂಭಾಗದ ದೊಡ್ಡ ಪಾಲು, ಇನ್ನೊಂದು ಮಿನಾರು ಸಮೇತ, ಕುಸಿದುಬಿತ್ತು. ಪಾಠ ಹೇಳಲೆಂದು ಕಟ್ಟಿದ ಜಾಗಕ್ಕೆ ಆದ ಗತಿ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಅಲ್ಲಿಂದ ಕೋಟೆಗೆ. ಊರ ಕಡೆಯಿಂದ ಒಳಗೆ ಹೋಗುವಾಗ ಕಂದಕ ನೋಡದೇ ಮುಂದೆ ಹೋಗಬೇಡಿ. ಇದು ಮಣ್ಣು ಅಗೆದು ಮಾಡಿದ ಕಂದಕ ಅಲ್ಲ, ಬಂಡೆಯನ್ನೇ ಕಡಿದು ಮಾಡಿದ್ದು. ಕೆಲವು ಕಡೆ ಮೂರು ಸಾಲು ಇದೆ, ನಡುವೆ ಕಡಿಯದೇ ಬಿಟ್ಟ ಬಂಡೆಯ ಗೋಡೆಗಳು. ಇನ್ನೊಂದು ದಿಕ್ಕಿಗೆ ಗುಡ್ಡದ ಇಳಿಜಾರೇ ಕಾವಲು. ಊರ ಕಡೆ ನೆಲ ಮಟ್ಟಸ, ಅದಕ್ಕೇ ಅಲ್ಲಿ ಇಷ್ಟು ಕಷ್ಟಪಟ್ಟು ಕಡಿದಿದ್ದಾರೆ. ಜಂಬಿಟ್ಟಿಗೆ ಕಲ್ಲು ನೆಲದೊಳಗಿಂದ ತೆಗೆಯುವಾಗ ಮೆದು, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಕಂದಕದಿಂದ ಕಡಿದ ಕಲ್ಲು ಗೋಡೆಗೂ ಆಯಿತು.

ಶರ್ಜಾ ದರ್ವಾಜಾದ ಮೇಲೆ ಕಲ್ಲಿನ ಹುಲಿಗಳಿವೆ, ಮಕ್ಕಳಿಗೆ ತೋರಿಸಿ. ಈ ಬಾಗಿಲು 1503ರದ್ದು. 1470ರ ಆಸುಪಾಸು ಇಲ್ಲಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಸುಲ್ತಾನನ ಅರಮನೆಗೆ ಏಳು ಬಾಗಿಲು ಅಂತ ಬರೆದಿಟ್ಟಿದ್ದಾನೆ. ಬಾಗಿಲಲ್ಲಿ ಕಾವಲುಗಾರರ ಜೊತೆ ಬರೆಯುವವರೂ ಕೂತಿರುತ್ತಿದ್ದರಂತೆ, ಯಾರು ಒಳಗೆ ಹೋದರು, ಯಾರು ಹೊರಗೆ ಬಂದರು ಅಂತ ಗುರುತು ಹಾಕಿಕೊಳ್ಳಲು.

ಕೋಟೆಯೊಳಗೆ ನೋಡುವುದು ರಾಶಿ ಇದೆ, ಎಲ್ಲದಕ್ಕೂ ಕಾಲು ಸವೆಸಬೇಕಿಲ್ಲ. ಮೂರು ಸಾಕು. ಒಂದು ಸೋಲಾ ಖಂಬಾ ಮಸೀದಿ, ಬೀದರ್‌ನ ಹಳೇ ಮಸೀದಿ. ಇಲ್ಲಿಯ ಶಾಸನ 1423-24ರದ್ದು. ಒಳಗೆ ದಪ್ಪ ದುಂಡು ಕಂಬಗಳ ಸಾಲು, ಎಂಥ ಬಿಸಿಲಲ್ಲೂ ತಂಪು. ಅತ್ತೆಯವರು ಇಲ್ಲಿ ಕೂತು ಸುಧಾರಿಸಿಕೊಳ್ಳಬಹುದು. ಎರಡನೆಯದು ತಖ್ತ್ ಮಹಲ್. ಅದರ ಕಮಾನಿನ ಪಕ್ಕ ಹುಲಿ ಮತ್ತು ಸೂರ್ಯನ ಚಿತ್ರದ ಹೆಂಚಿನ ಕೆಲಸ ಇನ್ನೂ ಉಳಿದಿದೆ.

ಮೂರನೆಯದು ರಂಗೀನ್ ಮಹಲ್. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. ಈಗಿರುವ ರೂಪ, ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಷಾಹಿ ಮನೆತನದ ಅರಸ ಅಲಿ ಬರೀದ್ ಕಾಲದ್ದು, ಅವನು 1542ರಿಂದ 1580ರವರೆಗೆ ಆಳಿದ. ಹೊರಗಿನಿಂದ ನೋಡಿದರೆ ಏನೂ ಅನಿಸುವುದಿಲ್ಲ. ಒಳಗೆ ಮರದ ಕಂಬಗಳಿವೆ, ಅವುಗಳ ಬೋದಿಗೆಯ ಕೆತ್ತನೆ ನಮ್ಮ ಹಳೇ ವಾಡೆಗಳ ಕಂಬದ ಅದೇ ಕೈಚಳಕ. ಇನ್ನೂ ಒಳಗಿನ ಕೋಣೆಯ ಬಾಗಿಲ ಬಳಿ ನಿಂತು ಕರಿಕಲ್ಲನ್ನು ಹತ್ತಿರದಿಂದ ನೋಡಿ. ಕಲ್ಲಿನಲ್ಲಿ ಬಳ್ಳಿ, ಎಲೆ, ಅಕ್ಷರದ ಆಕಾರಕ್ಕೆ ಸಣ್ಣ ಗುಳಿ ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಮುತ್ತಿನ ಚಿಪ್ಪನ್ನು ಕೂರಿಸಿದ್ದಾರೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಚಿಪ್ಪಿನ ಬಣ್ಣ ಬೆಳ್ಳಗಿದ್ದದ್ದು ಗುಲಾಬಿ ಆಗುತ್ತದೆ, ಮತ್ತೊಂದು ಹೆಜ್ಜೆಗೆ ಹಸಿರು. ಕೆಲವು ಕಡೆ ಚಿಪ್ಪು ಕಿತ್ತುಹೋಗಿ ಗುಳಿ ಮಾತ್ರ ಇದೆ. ದಯವಿಟ್ಟು ಮಕ್ಕಳು ಉಗುರಿನಿಂದ ಕೆರೆಯದ ಹಾಗೆ ನೋಡಿಕೊಳ್ಳಿ. ಈ ಮಹಲಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಬೀಗ ಕಂಡು ವಾಪಸ್ ಬರಬೇಡಿ. ಕೋಟೆಯೊಳಗಿನ ಪುರಾತತ್ವ ಇಲಾಖೆ ಸಿಬ್ಬಂದಿಯನ್ನು ವಿನಯದಿಂದ ಕೇಳಿ, ತೆರೆದು ತೋರಿಸುತ್ತಾರೆ.

ಹನ್ನೊಂದರ ಹೊತ್ತಿಗೆ ಕೋಟೆ ಬಿಟ್ಟು ಆಟೋ ಹಿಡಿಯಿರಿ. ಅಷ್ಟೂರು ಊರ ಪೂರ್ವಕ್ಕೆ, ಕೆಲವೇ ಕಿಲೋಮೀಟರ್. ಹೋಗಿ ಬಿಟ್ಟು ಬರುವುದಕ್ಕಲ್ಲ, ಕಾದು ಕರೆತರುವುದಕ್ಕೆ ಅಂತ ಮೊದಲೇ ಮಾತಾಡಿಕೊಳ್ಳಿ. ದಾರಿಯಲ್ಲಿ ಚೌಖಂಡಿ ಸಿಗುತ್ತದೆ. ಎಂಟು ಮೂಲೆಯ ದೊಡ್ಡ ಕಟ್ಟಡ, ಹಜರತ್ ಖಲೀಲುಲ್ಲಾ ಅವರ ಸಮಾಧಿ. ಅಹ್ಮದ್ ಷಾ ತುಂಬಾ ಗೌರವಿಸುತ್ತಿದ್ದ ಕಿರ್ಮಾನಿನ ಸೂಫಿ ಶಾ ನೇಮತುಲ್ಲಾ ಅವರ ಮಗ ಇವರು. ಮೆಟ್ಟಿಲು ಹತ್ತಿ ಒಳಬಾಗಿಲಿಗೆ ಹೋದರೆ ಕರಿಕಲ್ಲಿನಲ್ಲಿ ಎದ್ದು ನಿಂತ ಅಕ್ಷರಗಳು ಕಾಣುತ್ತವೆ. ಓದಲು ಬರದಿದ್ದರೂ ಆ ಬಳುಕು ಸಾಕು.

ಇನ್ನು ಅಷ್ಟೂರು. ಬಯಲಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಸಾಲಾಗಿ ನಿಂತಿವೆ. ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಹುಮಾಯೂನ್ ಷಾನದ್ದು. 1458ರಿಂದ 1461ರವರೆಗೆ ಆಳಿದ ಇವನಿಗೆ ಜನ ಜಾಲಿಮ್, ಅಂದರೆ ಕ್ರೂರಿ, ಅಂತ ಹೆಸರಿಟ್ಟಿದ್ದರು. ಸಿಡಿಲು ಬಡಿದು ಇವನ ಗುಂಬಜ್ ಅರ್ಧ ಸೀಳಿಹೋಗಿದೆ. ಒಳಗಿನ ಇಟ್ಟಿಗೆ ಗಾರೆಯೆಲ್ಲ ಹೊರಗೆ ಕಾಣುತ್ತದೆ. ಇಷ್ಟು ದೊಡ್ಡ ಗುಮ್ಮಟ ಹೇಗೆ ನಿಲ್ಲುತ್ತದೆ ಅಂತ ಮಕ್ಕಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ನಾನು ಅಷ್ಟೂರು ಬಿಡಬೇಡಿ ಅಂದದ್ದು ಮಾತ್ರ ಅಹ್ಮದ್ ಷಾನ ಗುಂಬಜ್‌ಗಾಗಿ. ಹೊರಗೆ ಸಾದಾ ಗೋಡೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ಮೊದಲು ಕತ್ತಲೆ, ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ನೆ ನಿಲ್ಲಿ. ನಿಧಾನಕ್ಕೆ ಕೆಂಪು, ನೀಲಿ, ಚಿನ್ನದ ಬಣ್ಣ ಮೂಡುತ್ತವೆ. ನೆತ್ತಿಯವರೆಗೂ ಹೂಬಳ್ಳಿ, ಅಕ್ಷರಗಳ ಪಟ್ಟಿ. ಅಲ್ಲಿ ನೋಡಿಕೊಳ್ಳುವವರು ಇದ್ದರೆ ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿ ಗುಮ್ಮಟದ ಚಿತ್ತಾರ ತೋರಿಸುತ್ತಾರೆ. ಅದಕ್ಕೇ ಮೋಡ ಇಲ್ಲದ, ಬಿಸಿಲು ಏರಿದ ಹೊತ್ತಿಗೆ ಬನ್ನಿ ಅನ್ನುವುದು. ಮೊಬೈಲ್ ಟಾರ್ಚ್‌ನಲ್ಲಿ ಆ ಬಣ್ಣ ಬರುವುದಿಲ್ಲ.

ಬಣ್ಣಕ್ಕಿಂತ ದೊಡ್ಡ ಮಾತು ಒಂದಿದೆ. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಅನ್ನುತ್ತಾರೆ. ಸುತ್ತಲಿನ ಲಿಂಗಾಯತರು ಅಲ್ಲಮಪ್ರಭುವಿನ ಅವತಾರ ಅಂತ ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ, ಹೋಳಿ ಆದ ಮೇಲೆ, ಇಲ್ಲಿ ಉರುಸು ನಡೆಯುತ್ತದೆ. ಜನರ ಬಾಯಲ್ಲಿ ಅದು ಅಷ್ಟೂರು ಜಾತ್ರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ, ಪೂಜೆ ಅವರ ಕೈಯಿಂದ ಆಗುತ್ತದೆ. ತೆಂಗಿನಕಾಯಿಯೂ ಒಡೆಯುತ್ತದೆ, ಫಾತಿಹಾ ಕೂಡ ಓದುತ್ತಾರೆ. ಇದನ್ನು ಯಾರೋ ಒಬ್ಬರು ಭಾಷಣ ಮಾಡಿ ಕಲಿಸಿದ್ದಲ್ಲ. ತಲೆತಲಾಂತರದಿಂದ ನಡೆದುಕೊಂಡು ಬಂದಿದೆ. ನಮ್ಮ ಕಡೆಯ ಬದುಕು ಏನು ಅಂತ ಹೊರಗಿನವರಿಗೆ ತೋರಿಸಬೇಕಾದರೆ ನಾನು ಕರೆತರುವುದು ಇಲ್ಲಿಗೇ.

ಊಟಕ್ಕೆ ಗುರುದ್ವಾರ ನಾನಕ್ ಝಿರಾ ಸಾಹಿಬ್‌ಗೆ ಹೋಗಿ. 16ನೇ ಶತಮಾನದ ಮೊದಲಲ್ಲಿ ಗುರು ನಾನಕ್ ಇಲ್ಲಿಗೆ ಬಂದಾಗ, ಕುಡಿಯುವ ನೀರಿಲ್ಲ ಅಂತ ಜನ ಹೇಳಿದರಂತೆ. ಅವರು ಕಲ್ಲು ಸರಿಸಿದ ಕಡೆ ಸಿಹಿನೀರು ಬಂತು ಅನ್ನುವುದು ನಂಬಿಕೆ. ಝರಿ ಇವತ್ತಿಗೂ ಹರಿಯುತ್ತಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗಿ, ಲಂಗರ್‌ನಲ್ಲಿ ಪಂಕ್ತಿಯಲ್ಲಿ ಕೂತು ರೊಟ್ಟಿ, ದಾಲ್ ಉಣ್ಣಿ. ದುಡ್ಡಿಲ್ಲ, ಯಾರು ಏನು ಅಂತ ಕೇಳುವವರೂ ಇಲ್ಲ. 1699ರಲ್ಲಿ ಗುರು ಗೋವಿಂದ ಸಿಂಗ್ ಆರಿಸಿದ ಐವರು ಪಂಜ್ ಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. ಪಂಜಾಬಿನಿಂದ ಇಷ್ಟು ದೂರ ಜನ ಬರುವುದಕ್ಕೆ ಅದೂ ಒಂದು ಕಾರಣ.

ಝರಣಿ ನರಸಿಂಹ ದೇವಸ್ಥಾನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಗುಡ್ಡದೊಳಗಿನ ಸುರಂಗದಲ್ಲಿ, ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರ್ ನಡೆದು ದರ್ಶನ ಮಾಡಬೇಕು. ತಲೆಯ ಮೇಲೆ ಬಾವಲಿಗಳು. ನಂಬಿ ಬರುವವರಿಗೆ ಅದು ದೊಡ್ಡ ಅನುಭವ. ಆದರೆ ನಿಮ್ಮ ಜೊತೆ ವಯಸ್ಸಾದವರಿದ್ದಾರೆ, ಮಕ್ಕಳಿದ್ದಾರೆ. ಒಳಗೆ ಗಾಳಿ ಕಡಿಮೆ, ಸಾಲು ಉದ್ದವಿದ್ದರೆ ಉಸಿರು ಕಟ್ಟುತ್ತದೆ. ಈ ಸಲಕ್ಕೆ ಹೊರಗಿನಿಂದಲೇ ಕೈಮುಗಿಯುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೀವು ದೊಡ್ಡವರು ಹೋಗುವುದಾದರೂ, ಆ ದಿನ ಒಳಗೆ ಬಿಡುತ್ತಾರಾ ಅಂತ ಮೊದಲು ವಿಚಾರಿಸಿ, ಬದಲಿ ಬಟ್ಟೆ ಇಟ್ಟುಕೊಳ್ಳಿ.

ಮಧ್ಯಾಹ್ನ ಮತ್ತೆ ಚೌಬಾರಾ ಕಡೆ ಬಂದರೆ ಬಿದ್ರಿ ಅಂಗಡಿಗಳಿವೆ. ಕೊಳ್ಳುವುದಕ್ಕೆ ಮುಂಚೆ ಮಾಡುವುದನ್ನು ನೋಡಿ. ಜಾಸ್ತಿ ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀರಿದ ಗೆರೆ ಕಾಣಲಿ ಅಂತ. ಉಳಿಯಿಂದ ಆ ಗೆರೆ ತೋಡಿ, ಕೂದಲಿನಂಥ ಬೆಳ್ಳಿ ತಂತಿ ಕೂರಿಸಿ ಸುತ್ತಿಗೆಯಲ್ಲಿ ಬಡಿಯುತ್ತಾರೆ. ಅಲ್ಲಿಯವರೆಗೂ ಎಲ್ಲ ಬೂದು ಬಣ್ಣ, ಬೆಳ್ಳಿ ಯಾವುದು ಸತು ಯಾವುದು ಗೊತ್ತಾಗುವುದಿಲ್ಲ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಉಜ್ಜಿದಾಗ ಸತು ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಬಿಸಿಲು, ಮಳೆ ಕಾಣದ ಮಣ್ಣೇ ಬೇಕು. ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವ ಉಸ್ತಾದರೂ ಇದ್ದಾರೆ. ಇಷ್ಟೆಲ್ಲ ನೋಡಿದ ಮೇಲೆ ಬೆಲೆಗೆ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ, ಅಲ್ವಾ? ದೊಡ್ಡ ಹೂದಾನಿ ಬೇಡದಿದ್ದರೆ ಸಣ್ಣ ಡಬ್ಬಿಯಾದರೂ ತೆಗೆದುಕೊಳ್ಳಿ.

ಸಂಜೆಗೆ ಪಶ್ಚಿಮದ ಉದಗಿರ ರಸ್ತೆಯ ಬರೀದ್ ಷಾಹಿ ಗುಂಬಜ್‌ಗಳು. ಅಲಿ ಬರೀದ್‌ನ ಗುಂಬಜ್‌ಗೆ ನಾಲ್ಕೂ ಕಡೆ ಗೋಡೆಯಿಲ್ಲ, ತೆರೆದ ಕಮಾನು. ಸುತ್ತ ಉದ್ಯಾನ, ಮಕ್ಕಳು ಓಡಾಡಲು ಜಾಗ. ಊರಿನವರೂ ವಾಕಿಂಗ್‌ಗೆ ಬರುವುದು ಇಲ್ಲಿಗೇ.

ತಿಂಗಳು ಯಾವುದು ಅಂತ ನೀವು ಬರೆದಿಲ್ಲ. ಏಪ್ರಿಲ್, ಮೇ ಆದರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ತಿರುಗಬೇಡಿ. ಡಿಸೆಂಬರ್, ಜನವರಿ ಆದರೆ ಸ್ವೆಟರ್ ತನ್ನಿ, ರಾಜ್ಯದಲ್ಲೇ ಚಳಿ ಜಾಸ್ತಿ ಬೀಳುವ ಊರುಗಳಲ್ಲಿ ನಮ್ಮದೂ ಒಂದು. ಮಳೆ ನಿಂತ ಮೇಲೆ, ಅಕ್ಟೋಬರ್ ಸುಮಾರಿಗೆ ಬಂದರೆ ಎಲ್ಲ ಹಸಿರು. ಹೈದರಾಬಾದ್‌ನಿಂದ ಜಹೀರಾಬಾದ್ ಮೇಲೆ ಸುಮಾರು 140 ಕಿಲೋಮೀಟರ್. ವಾಪಸ್ ದಕ್ಷಿಣಕ್ಕೆ ಹೋಗುವವರಿಗೆ ಕಲಬುರಗಿ ಕಡೆಯ ರೈಲು ಮಾರ್ಗ 2017ರಿಂದ ಇದೆ.

ಇನ್ನೊಂದು ದಿನ ಹೊಂದಿಸಲು ಆದರೆ ಬಸವಕಲ್ಯಾಣಕ್ಕೆ ಹೋಗಿ. ಕಲ್ಯಾಣಿ ಚಾಲುಕ್ಯರ ರಾಜಧಾನಿ, ಶರಣರ ಊರು, ಬೀದರ್‌ನಿಂದ ಸುಮಾರು 80 ಕಿಲೋಮೀಟರ್. ಹೋಗುವಾಗ ಹುಮನಾಬಾದ್ ಹತ್ತಿರ ಜಲಸಂಗಿಯಲ್ಲಿ ಇಳಿಯಿರಿ. ಅಲ್ಲಿಯ ಹಳೇ ಶಿವಾಲಯದ ಹೊರಗೋಡೆಯ ಮೇಲೆ, ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಹೆಂಗಸಿನ ಶಿಲ್ಪವಿದೆ. ಗೋಡೆಯ ತುಂಬಾ ಶಿಲಾಬಾಲಿಕೆಯರು, ಆದ್ದರಿಂದ ದೇವಸ್ಥಾನಕ್ಕೆ ಪೂರ್ತಿ ಒಂದು ಸುತ್ತು ಹಾಕಿ, ಅವಳು ಸಿಗುವವರೆಗೆ ಹುಡುಕಿ.